ಬರೆಸಿಕೊಳ್ಳಲು ಬಂದವರ ಮಾತು

ಹೋದ ವರ್ಷ ಗೌರಿ ಹಬ್ಬ ಕಳೆದು ನಾಲ್ಕೈದು ದಿನ ಆಗಿತ್ತು. ನನ್ನ ಮೇಜಿನ ಎದುರು ಒಬ್ಬ ಅಕ್ಕ, ಒಬ್ಬ ತಮ್ಮ ಕೂತಿದ್ದರು. ನಾನು ಪತ್ರ ಬರಹಗಾರ. ಸಾಗರದ ಉಪನೋಂದಣಿ ಕಚೇರಿಗೆ ಹತ್ತಿರದಲ್ಲೇ ಒಂದು ಸಣ್ಣ ಮಳಿಗೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಇಪ್ಪತ್ತಾರು ವರ್ಷದಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದೇ ಕೆಲಸ. ರಾತ್ರಿ ಊಟ ಆದಮೇಲೆ ಕಥೆ ಬರೆಯುತ್ತೇನೆ.

ಅವರಿಬ್ಬರೂ ಬಂದದ್ದು ಹಕ್ಕು ಖುಲಾಸೆ ಪತ್ರಕ್ಕೆ. ಅಪ್ಪ ತೀರಿಕೊಂಡಿದ್ದಾರೆ, ವಿಲ್ ಬರೆದಿಟ್ಟಿಲ್ಲ, ವಂಶವೃಕ್ಷದಲ್ಲಿ ಮಗಳ ಹೆಸರೂ ಇದೆ. ಅಡಿಕೆ ತೋಟ ತಮ್ಮನೊಬ್ಬನ ಖಾತೆಗೆ ಬರಬೇಕಾದರೆ ಅಕ್ಕ ತನ್ನ ಪಾಲು ಬಿಟ್ಟುಕೊಟ್ಟು ಸಹಿ ಹಾಕಬೇಕು. ನಾನು ತೋಟದ ಗಡಿ ವಿವರ, ಅಂದರೆ ಚಕ್ಕುಬಂದಿ ಟೈಪ್ ಮಾಡುತ್ತಿದ್ದೆ. ಅವರು ಮಾತಾಡುತ್ತಿದ್ದರು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಕೊನೆಗಾರರು ಮರ ಹತ್ತಿ ಮೈಲುತುತ್ತು, ಸುಣ್ಣದ ಔಷಧಿ ಹೊಡೆಯುತ್ತಾರೆ, ಅದರ ಮಾತು.

"ಎರಡನೇ ಔಷಧಿ ಹೊಡೆಸಿದ್ಯಾ?"

"ಹೊಡೆಸ್ದೆ. ಕೊನೆಗಾರ ಸಿಗೋದೇ ಕಷ್ಟ ಈಗ."

"ಮಳೆನೂ ಬಿಡ್ತಾ ಇಲ್ಲ."

"ಹೂಂ. ಕೊಳೆ ಬರದಿದ್ರೆ ಸಾಕು."

"ಬಾವಿ ಹತ್ರದ ಹಲಸಿನ ಮರ ಕಾಣ್ಲೇ ಇಲ್ಲ ಈ ಸಲ."

"ಕಡಿಸಿದ್ವಿ. ಹೋದ ಬೇಸಿಗೇಲಿ."

"ಹಂಗಾ."

ಅಷ್ಟೇ. ಆಮೇಲೆ ಅಕ್ಕ ಪೆನ್ನು ಕೇಳಿದರು. ಕರಡಿನ್ನೂ ಮುಗಿದಿರಲಿಲ್ಲ, ಸಹಿ ಹಾಕಲು ಏನೂ ಇರಲಿಲ್ಲ. ಆದರೂ ಕೇಳಿದರು. ನಾನು ಕೊಟ್ಟೆ. ಪ್ರಿಂಟ್ ತೆಗೆಯುವವರೆಗೂ ಆ ಪೆನ್ನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ತಮ್ಮ ಹೊರಗೆ ಹೋಗಿ ನಿಂತ.

(ಅವರ ಊರು, ಹೆಸರು, ಸರ್ವೆ ನಂಬರು ಯಾವುದೂ ಇಲ್ಲಿ ಬರುವುದಿಲ್ಲ. ಮರವೂ ಹಲಸಿನದ್ದಲ್ಲ, ಬದಲಾಯಿಸಿದ್ದೇನೆ. ನನ್ನ ಮೇಜಿಗೆ ಬರುವವರು ನನ್ನನ್ನು ನಂಬಿ ಬರುತ್ತಾರೆ.)

ಆಸ್ತಿ ಎಂಬ ಪದವನ್ನು ಇಬ್ಬರೂ ಒಮ್ಮೆಯೂ ಆಡಲಿಲ್ಲ. ದನಿ ಏರಲಿಲ್ಲ. ಆದರೆ ಆ "ಹಂಗಾ" ಕೇಳಿದ ಕ್ಷಣ ಕೀಲಿಮಣೆ ಮೇಲೆ ನನ್ನ ಬೆರಳು ನಿಂತುಬಿಟ್ಟಿತು. ಮರ ಕಡಿಸುವಾಗ ನನ್ನನ್ನೊಂದು ಮಾತು ಕೇಳಲಿಲ್ಲ, ಸಹಿಗೆ ಮಾತ್ರ ಕರೆದಿದ್ದೀಯ ಎಂಬುದಷ್ಟೂ ಆ ಎರಡಕ್ಷರದಲ್ಲಿತ್ತು. ಇದನ್ನು ಕಥೆ ಮಾಡಬೇಕು ಎಂದು ಅವತ್ತೇ ಅನ್ನಿಸಿತು. ಮಾಡಲು ಹೊರಟೆ. ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಸಂಭಾಷಣೆ ಬರೆಯುವುದರ ಬಗ್ಗೆ ಕಲಿತದ್ದನ್ನು ಬರೆದಿಡೋಣ ಎಂದು ಕೂತಿದ್ದೇನೆ.

ಮೊದಲ ಕರಡು ಹೀಗಿತ್ತು. ಕಥೆಯಲ್ಲಿ ಅಕ್ಕನ ಹೆಸರು ಸುಮಿತ್ರ, ತಮ್ಮ ರಾಘು.

"ಈ ತೋಟದಲ್ಲಿ ನನಗೂ ಸಮಪಾಲಿದೆ, ರಾಘು."

"ನಿನ್ನ ಮದುವೆಗೆ ಅಪ್ಪಯ್ಯ ಎಷ್ಟು ಸಾಲ ಮಾಡಿದ್ರು ಗೊತ್ತಲ್ಲ? ಅದನ್ನು ತೀರಿಸಿದ್ದು ನಾನು."

"ಅದು ಬೇರೆ, ಇದು ಬೇರೆ. ಕಾನೂನು ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿದೆ."

"ಅಪ್ಪಯ್ಯನ ಕೊನೆಗಾಲದಲ್ಲಿ ನೋಡಿಕೊಂಡಿದ್ದು ಯಾರು?" ಎಂದು ಅವನು ಕೋಪದಿಂದ ಕೇಳಿದ.

ಇದೇ ಧಾಟಿಯಲ್ಲಿ ಮೂರು ಪುಟ. ಬರೆಯುವಾಗ ಬಿಸಿಯಾಗಿಯೇ ಇತ್ತು. ವಾರ ಬಿಟ್ಟು ಓದಿದರೆ ಎರಡು ವಕೀಲರ ನೋಟಿಸು ಎದುರುಬದುರು ಇಟ್ಟು ಓದಿದ ಹಾಗಿತ್ತು. ಇಬ್ಬರಿಗೂ ಮೊದಲೇ ಗೊತ್ತಿರುವುದನ್ನು ಇಬ್ಬರೂ ಒಬ್ಬರಿಗೊಬ್ಬರು ತಿಳಿಸಿಕೊಡುತ್ತಿದ್ದಾರೆ. ಮದುವೆ ಸಾಲದ ವಿಷಯ ಸುಮಿತ್ರಳಿಗೆ ಗೊತ್ತಿಲ್ಲವೇ? ಗೊತ್ತು. ಅದನ್ನು ಹೇಳಿಸಿದ್ದು ನಾನು, ಓದುಗರಿಗೆ ತಿಳಿಯಲಿ ಅಂತ. ಪಾತ್ರಗಳು ಓದುಗರ ಕಡೆ ಮುಖ ಮಾಡಿ ಮಾತಾಡುತ್ತಿದ್ದವು.

ಸುಮಿತ್ರಳ ಬಾಯಲ್ಲಿ ಆ ಕಾನೂನಿನ ಮಾತಂತೂ ಪೂರ್ತಿ ಸುಳ್ಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಆ ದಿನ ಅಪ್ಪ ಬದುಕಿರಬೇಕಿತ್ತೇ ಬೇಡವೇ ಎಂಬ ಗೊಂದಲ ಬಹಳ ಕಾಲ ಇತ್ತು. ಬದುಕಿರಬೇಕೆಂದೇನಿಲ್ಲ, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಇದೆಲ್ಲ ನನಗೆ ಬಾಯಿಪಾಠ. ನನ್ನ ಮೇಜಿಗೆ ಬರುವ ಅಕ್ಕತಂಗಿಯರಿಗೂ ಈಗ ಚೆನ್ನಾಗಿಯೇ ಗೊತ್ತು. ಆದರೆ ಅಣ್ಣತಮ್ಮಂದಿರ ಎದುರು ಕೂತು ಯಾರೂ ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕಾಗಿಲ್ಲ. ತಮ್ಮ ಈ ಸಲ ಸೀರೆ ತಂದು ಕೊಟ್ಟು ಹಬ್ಬಕ್ಕೆ ಕರೆದನಲ್ಲ, ಆ ಕರೆಯಲ್ಲೇ ಕಾನೂನು ಬಂದು ಕೂತಿರುತ್ತದೆ.

ದಾರಿ ಸಿಕ್ಕಿದ್ದು ತಾಳಮದ್ದಳೆಯಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಯಕ್ಷಗಾನದ ಆಟ ಇರುವುದಿಲ್ಲ, ತಾಳಮದ್ದಳೆ ಇರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅದೇ ಪದದ ಎಳೆ ಹಿಡಿದು ಆ ಕ್ಷಣಕ್ಕೆ ಹೊಳೆದ ಮಾತು ಕಟ್ಟುತ್ತಾರೆ. ಮುಂಚೆ ಬರೆದುಕೊಂಡ ಸಾಲು ಒಂದೂ ಇರುವುದಿಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕ್ಯಾಸೆಟ್ಟಿನಲ್ಲಿ ಕೇಳಿಕೊಂಡು ಬೆಳೆದವನು ನಾನು. ಮಾತು ಅನ್ನುವುದು ಪಟ್ಟು ಹಾಕಿ ಕೆಡಹುವ ಕೆಲಸ ಎಂದು ಮೊದಲು ಗೊತ್ತಾದದ್ದೇ ಅಲ್ಲಿ.

ಆ ಮಳೆಗಾಲ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ವಾಲಿಯ ಪ್ರಸಂಗ. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಾಣ ಬಿದ್ದಾಗಿದೆ, ವಾಲಿ ಸಾಯುತ್ತಾನೆ. ಅಲ್ಲಿ ಕೂತಿದ್ದ ನೂರು ಜನಕ್ಕೂ ಅದು ಗೊತ್ತು, ಮಡಿಲಲ್ಲಿ ನಿದ್ದೆಗಣ್ಣಲ್ಲಿ ಕೂತ ಮಕ್ಕಳಿಗೂ ಗೊತ್ತು. ಹಾಗಾದರೆ ರಾತ್ರಿ ಎರಡು ಗಂಟೆಗೆ ನಾವೆಲ್ಲ ಉಸಿರು ಹಿಡಿದು ಕೇಳುತ್ತಿದ್ದದ್ದು ಏನನ್ನು?

ಅವತ್ತು ಹೊಳೆಯಿತು. ಮುಂದೇನಾಗುತ್ತದೆ ಅನ್ನುವ ಕುತೂಹಲ ಅಲ್ಲಿ ಇಲ್ಲವೇ ಇಲ್ಲ. ನಿಂತಿರುವವನು ರಾಮ, ಬಿಲ್ಲು ಅವನ ಕೈಯಲ್ಲಿ, ಗೆದ್ದಾಗಿದೆ. ಬಿದ್ದವನು ವಾಲಿ. ಆದರೂ ಏನೋ ಬೇಕಾಗಿರುವುದು ರಾಮನಿಗೇ! ಮರೆಯಲ್ಲಿ ನಿಂತು ಹೊಡೆದದ್ದು ಸರಿ ಎಂದು ಬಿದ್ದವನ ಬಾಯಿಂದಲೇ ಬರಬೇಕು. ಬಾಣದಿಂದ ಪ್ರಾಣ ಹೋಗಬಹುದು, ಒಪ್ಪಿಗೆ ಬರುವುದಿಲ್ಲ. ವಾಲಿಗೆ ಕೊಡಲು ಉಳಿದಿರುವುದು ಅದೊಂದೇ, ಹಾಗಾಗಿ ಸುಲಭಕ್ಕೆ ಕೊಡುವುದಿಲ್ಲ. ರಾಮ ತಮ್ಮನ ಹೆಂಡತಿಯ ಮಾತೆತ್ತುತ್ತಾನೆ, ಬೇಟೆಯ ಧರ್ಮ ಹೇಳುತ್ತಾನೆ. ಒಂದೊಂದಕ್ಕೂ ವಾಲಿ ಉತ್ತರ ಕೊಡುವ ಬದಲು ಇನ್ನೊಂದು ಪ್ರಶ್ನೆ ಎಸೆಯುತ್ತಾನೆ. ಹೊತ್ತು ಕಳೆದಂತೆ ಸಾವು ಹತ್ತಿರ ಬರುತ್ತಿದೆ, ಸತ್ತರೆ ಒಪ್ಪಿಗೆಯೂ ಅವನ ಜೊತೆಗೇ ಹೋಗುತ್ತದೆ.

ಮನೆಗೆ ನಡೆದು ಬರುವಾಗ ಟಾರ್ಚಿನ ಬೆಳಕಲ್ಲಿ ನನಗೆ ಕಂಡದ್ದು ನನ್ನ ಮೇಜಿನ ಎದುರಿನ ತಮ್ಮ. ಅವನಿಗೆ ಸಹಿ ಬೇಕು ಎಂದುಕೊಂಡು ಕಥೆ ಬರೆದಿದ್ದೆ. ಸಹಿ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಕ್ಕ ಬಂದಿದ್ದಾಳೆ, ಕೂತಿದ್ದಾಳೆ, ಪೆನ್ನು ಕೇಳಿದ್ದಾಳೆ. ಅವನಿಗೆ ಬೇಕಿದ್ದದ್ದು "ನಂಗೇನೂ ಬೇಜಾರಿಲ್ಲ ಕಣೋ" ಎಂಬ ಒಂದು ಮಾತು. ಕಾಗದದಲ್ಲಿ ಅದಿರುತ್ತದೆ. "ರಾಜಿಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿರುತ್ತೇನೆ" ಎಂಬ ಸಾಲನ್ನು ನಾನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ! ಅಕ್ಕನ ಬಾಯಲ್ಲಿ ಮಾತ್ರ ಬರಲಿಲ್ಲ. ಪಾಲು ಬಿಟ್ಟುಕೊಟ್ಟರು, ಆ ಮಾತನ್ನು ಮಾತ್ರ ಒಳಗೇ ಇಟ್ಟುಕೊಂಡರು.

ಅಲ್ಲಿಂದ ಈಚೆಗೆ ಯಾವುದೇ ಸಂಭಾಷಣೆ ಬರೆಯುವ ಮೊದಲು ಒಂದು ಚೀಟಿಯಲ್ಲಿ ನನ್ನ ಕಸುಬಿನ ಭಾಷೆಯಲ್ಲೇ ಬರೆದುಕೊಳ್ಳುತ್ತೇನೆ. ಬರೆಸಿಕೊಳ್ಳುವವರು ಯಾರು, ಬರೆದುಕೊಡಬೇಕಾದವರು ಯಾರು. ಈ ಮಾತುಕತೆಯಲ್ಲಿ ಒಬ್ಬರಿಗೆ ಇನ್ನೊಬ್ಬರಿಂದ ಏನೋ ಬೇಕಾಗಿರಲೇಬೇಕು. ಇಬ್ಬರಿಗೂ ಬೇಕಿದ್ದರೆ ಇನ್ನೂ ಒಳ್ಳೆಯದು. ಒಬ್ಬರಿಗೂ ಏನೂ ಬೇಡವಾದರೆ ಆ ಪುಟ ಹರಿದು ಹಾಕುವುದೇ ಸರಿ, ಅಲ್ಲಿನ ಮಾತು ಎಷ್ಟೇ ಚಂದ ಇರಲಿ.

ಅದರ ಕೆಳಗೆ ಚಕ್ಕುಬಂದಿ. ಜಮೀನಿಗೆ ನಾಲ್ಕು ದಿಕ್ಕಿನ ಗಡಿ ಬರೆಯುತ್ತೇವಲ್ಲ, ಹಾಗೆ ಮಾತಿಗೂ. ಸುಮಿತ್ರ, ರಾಘು ಇಬ್ಬರ ಮಾತಿನ ಚಕ್ಕುಬಂದಿ ಹೀಗೆ ಬರೆದುಕೊಂಡೆ: ಪೂರ್ವಕ್ಕೆ ಅಕ್ಕನ ಮದುವೆಯ ಸಾಲ. ಪಶ್ಚಿಮಕ್ಕೆ ಅಪ್ಪಯ್ಯನ ಕೊನೆಯ ಎರಡು ವರ್ಷ. ಉತ್ತರಕ್ಕೆ ರಾಘುವಿನ ಹೆಂಡತಿಯ ತವರಿಂದ ಬಂದ ದುಡ್ಡು. ದಕ್ಷಿಣಕ್ಕೆ ಕಡಿಸಿದ ಮರ. ಈ ನಾಲ್ಕನ್ನೂ ಇಬ್ಬರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಅಕ್ಕತಮ್ಮನ ಸಂಬಂಧ ಅಲ್ಲಿಗೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತು. ಮಾತೆಲ್ಲ ಆ ಗಡಿಯೊಳಗೇ ಓಡಾಡಬೇಕು. ಗಡಿಗೆ ತೋಡಿದ ಅಗಳಿನ ಅಂಚಿಗೆ ಹೋಗಿ, ಆಚೆ ಬಗ್ಗಿ ನೋಡಿ, ವಾಪಸು ಬರಬೇಕು. ಮೊದಲ ಕರಡಿನಲ್ಲಿ ನಾನು ಎರಡನೇ ಸಾಲಿಗೇ ಬೇಲಿ ಮುರಿದಿದ್ದೆ. ಮುರಿದ ಮೇಲೆ ಕಾಯುವುದಕ್ಕೆ ಏನಿದೆ?

ಇದು ಮೇಜಿನ ಎದುರು ಕೂತು ನೋಡಿದ ಸತ್ಯವೂ ಹೌದು. ಅಣ್ಣತಮ್ಮಂದಿರು ತೋಟದ ದಾರಿ ವಿಷಯಕ್ಕೆ ಕೂಗಾಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಕೂಗಾಟ ಶುರುವಾದ ಮೇಲೆ ಅದರಲ್ಲಿ ಹೊಸದೇನೂ ಇರುವುದಿಲ್ಲ, ಎಲ್ಲ ಮನೆಯಲ್ಲೂ ಅದೇ ಬೈಗುಳ, ಅದೇ ಆಣೆ. ಮೈ ಬಿಗಿಯುವುದು ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ. ಒಬ್ಬ ಚಹಾ ತರಿಸುತ್ತಾನೆ, ಇನ್ನೊಬ್ಬ "ನಂಗೆ ಬೇಡ, ಈಗಷ್ಟೇ ಆಯ್ತು" ಅನ್ನುತ್ತಾನೆ. ಆಗಿರುವುದಿಲ್ಲ, ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದವರು.

ಚೀಟಿಯ ಕೊನೆಯಲ್ಲಿ ಸಾಕ್ಷಿ. ಯಾರು ಕೇಳಿಸಿಕೊಳ್ಳುತ್ತಿದ್ದಾರೆ? ನಮ್ಮ ಮನೆಗಳಲ್ಲಿ ಇಬ್ಬರೇ ಮಾತಾಡುವುದು ಅಪರೂಪ. ಒಳಗೆ ಯಾರೋ ಪಾತ್ರೆ ತೊಳೆಯುತ್ತಿರುತ್ತಾರೆ, ಹೊರಗೆ ಯಾರೋ ಎಲೆ ಹಾಕುತ್ತಿರುತ್ತಾರೆ. ಆ ಮೂರನೆಯ ಕಿವಿ ಇದೆ ಅಂದ ಕೂಡಲೇ ಆಡುವ ಮಾತು ಎರಡು ಕಡೆಗೆ ಹೋಗಬೇಕಾಗುತ್ತದೆ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಲಾಭ ಆಯಿತು. ಪಾತ್ರೆಯ ಸದ್ದು ನಿಂತಿತು ಎಂದು ಬರೆದರೆ ಸಾಕು, ಅದಕ್ಕಿಂತ ದೊಡ್ಡ ಗುಡುಗು ಬೇಕಾಗಿಲ್ಲ.

ಕಥೆಯಲ್ಲಿ ಈಗ ಆ ಭಾಗ ಹೀಗಿದೆ. ಪತ್ರಕ್ಕೆ ಹೋಗುವ ಹಿಂದಿನ ಸಂಜೆ, ಹಿತ್ತಿಲ ಬಚ್ಚಲ ಹತ್ತಿರ. ವೀಣಾ ಅಂದರೆ ರಾಘುವಿನ ಹೆಂಡತಿ.

ರಾಘು ಕಟ್ಟೆ ಮೇಲೆ ಕೂತು ಕೈ ಉಜ್ಜುತ್ತಿದ್ದ. ಮೈಲುತುತ್ತಿನ ನೀಲಿ ಉಗುರಿನ ಸಂದಿಯಿಂದ ಬಿಡುತ್ತಿರಲಿಲ್ಲ.

"ಲಿಂಬೆ ಸಿಪ್ಪೆ ಹಾಕಿ ತಿಕ್ಕು. ಅಪ್ಪಯ್ಯ ಅದನ್ನೇ ಹಾಕ್ತಿದ್ರು."

"ನಾಳೆ ಹತ್ತೂವರೆಗೆ ಹೊರಟ್ರೆ ಸಾಕು ಅಕ್ಕ. ಊಟದ ಹೊತ್ತಿಗೆ ಬಂದ್ಬಿಡ್ಬಹುದು."

"ನೂರು ಲೀಟರಿಗೆ ಒಂದು ಕೇಜಿ ತುತ್ತ, ಒಂದು ಕೇಜಿ ಸುಣ್ಣ. ಅಳತೆ ತಪ್ಪಿದ್ರೆ ಕೂಗಾಡ್ತಿದ್ರು. ಈಗ್ಲೂ ಅಷ್ಟೇನಾ?"

"ಈಗ್ಲೂ ಅಷ್ಟೇ."

ಒಳಗಿಂದ ವೀಣಾ ಕೇಳಿದಳು. "ಅತ್ತಿಗೆ, ನಾಳೆ ಪಾಯಸ ಕಡ್ಲೆಬೇಳೆದಾ, ಶಾವಿಗೆದಾ?"

"ನಿಮಗೆ ಹೆಂಗೆ ಅನುಕೂಲವೋ ಹಂಗೆ ಮಾಡಿ."

ರಾಘು ಉಜ್ಜುವುದನ್ನು ನಿಲ್ಲಿಸಿದ. ಒಳಗೂ ಸದ್ದಿರಲಿಲ್ಲ.

"ಅಕ್ಕಾ, ನಿಂಗೆ ಬೇಜಾರು ಏನಾದ್ರೂ..."

"ಸಿಪ್ಪೆ ಹಾಕು ಅಂದ್ನಲ್ಲ."

ಈ ಭಾಗದಲ್ಲಿ ನಾನು ಹೆಚ್ಚು ಹೊತ್ತು ಕೂತದ್ದು "ನಿಮಗೆ" ಎಂಬ ಒಂದು ಪದದ ಮೇಲೆ. ವೀಣಾ ಸುಮಿತ್ರಳಿಗಿಂತ ಚಿಕ್ಕವಳು, ತಮ್ಮನ ಹೆಂಡತಿ. ಕಥೆಯ ಮೊದಲ ಪುಟದಿಂದ ಅವಳನ್ನು "ನೀನು" ಅಂತಲೇ ಕರೆಸಿದ್ದೇನೆ. "ನಿಂಗ್ಯಾವ್ದು ಇಷ್ಟವೋ ಅದು ಮಾಡೇ" ಅನ್ನಬೇಕಾದವಳು "ನಿಮಗೆ ಹೆಂಗೆ ಅನುಕೂಲವೋ" ಅಂದಳು. ಮೇಲ್ನೋಟಕ್ಕೆ ಮರ್ಯಾದೆ. ಆದರೆ ಆ ಬಹುವಚನದಲ್ಲಿ ತಮ್ಮ, ಅವನ ಹೆಂಡತಿ, ಮನೆ, ತೋಟ ಎಲ್ಲ ಒಂದು ಕಡೆಗೆ ಸೇರಿಕೊಂಡವು, ತಾನೊಬ್ಬಳು ಆಚೆ ನಿಂತಳು. ಪಾಯಸದ ವಿಷಯದಲ್ಲೇ ಅವಳು ಹಕ್ಕು ಖುಲಾಸೆ ಮಾಡಿ ಆಯಿತು.

ಕನ್ನಡದಲ್ಲಿ ಬರೆಯುವವರಿಗೆ ಇದೊಂದು ಭಾಗ್ಯ ಎಂದು ನಿಜವಾಗಿ ನಂಬಿದ್ದೇನೆ. ನೀನು, ನೀವು, ಕಣೋ, ಕಣ್ರೀ, ಮಾರಾಯ, ತಾವು. ಪ್ರತಿಯೊಂದು ಕ್ರಿಯಾಪದದ ಬಾಲದಲ್ಲೂ ಯಾರು ಯಾರಿಗೆ ಎಷ್ಟು ಹತ್ತಿರ ಎಂಬುದು ಅಂಟಿಕೊಂಡಿರುತ್ತದೆ. ಗಂಡಹೆಂಡತಿ ನಡುವೆ, ಸ್ನೇಹಿತರ ನಡುವೆ ಈ ಬಾಲ ಬದಲಾದ ದಿನವೇ ಏನೋ ಆಗಿದೆ ಎಂದು ಮನೆಯ ನಾಯಿಗೂ ಗೊತ್ತಾಗುತ್ತದೆ. ಅದಿರುವಾಗ "ಎಂದು ಅವಳು ನೋವಿನಿಂದ ನುಡಿದಳು" ಎಂಬ ಸಾಲು ಯಾಕೆ ಬೇಕು? ಓದಲು ಕಥೆ ಕೊಡುವ ಹುಡುಗರಿಗೆ ನಾನು ಹೇಳುವುದು ಇಷ್ಟೇ. "ಕೋಪದಿಂದ", "ವ್ಯಂಗ್ಯವಾಗಿ", "ದುಃಖದಿಂದ" ಎಲ್ಲ ಹೊಡೆದುಹಾಕಿ ನೋಡು. ಅವು ಹೋದ ಮೇಲೂ ಕೋಪ ಉಳಿದಿದ್ದರೆ ಮಾತು ಗಟ್ಟಿ ಇದೆ. ಇಲ್ಲದಿದ್ದರೆ ಮಾತನ್ನೇ ತಿದ್ದು.

ನಮ್ಮ, ನಿಮ್ಮ ಎಂಬುದೂ ಹಾಗೆಯೇ. ಮದುವೆಯಾಗಿ ಮೂವತ್ತು ವರ್ಷ ಆದಮೇಲೂ ಹೆಣ್ಣುಮಕ್ಕಳು ತವರನ್ನು "ನಮ್ಮನೆ" ಅನ್ನುತ್ತಾರೆ. ನನ್ನ ಮೇಜಿನಲ್ಲಿ ಎಷ್ಟೋ ಅಕ್ಕತಂಗಿಯರು ಬರುವಾಗ "ನಮ್ಮನೆ ತೋಟ" ಅಂದವರು, ಸಹಿ ಹಾಕಿ ಏಳುವಾಗ "ಇವರ ತೋಟ" ಅಂದದ್ದನ್ನು ಕೇಳಿದ್ದೇನೆ. ಬೇಕೆಂದು ಹೇಳಿದ್ದಲ್ಲ, ನಾಲಿಗೆ ತಾನಾಗಿ ತಿರುಗಿಕೊಂಡದ್ದು. ಕಥೆಯಲ್ಲಿ ಸುಮಿತ್ರ ಎಲ್ಲಿಯವರೆಗೆ "ನಮ್ಮ" ಅನ್ನುತ್ತಾಳೆ, ಯಾವ ಸಾಲಿನಿಂದ ಬಿಡುತ್ತಾಳೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡು ತಿದ್ದಿದೆ. ಹನ್ನೊಂದು ಕಡೆ "ನಮ್ಮ" ಇತ್ತು. ಮರ ಇಲ್ಲದ್ದು ಅವಳಿಗೆ ಗೊತ್ತಾದ ಮೇಲೆ ಒಂದೂ ಇಲ್ಲದ ಹಾಗೆ ಮಾಡಿದೆ.

ಇನ್ನೊಂದು ವಿಷಯ, ಕೇಳಿದ್ದಕ್ಕೆ ಉತ್ತರ ಕೊಡಿಸಬಾರದು ಎಂಬುದು. ಮೇಲಿನ ಭಾಗದಲ್ಲಿ ರಾಘು ನಾಳೆ ಹೊರಡುವ ಹೊತ್ತು ಹೇಳುತ್ತಾನೆ, ಸುಮಿತ್ರ ಅಪ್ಪಯ್ಯನ ಅಳತೆ ಹೇಳುತ್ತಾಳೆ. ಅವನ ಮಾತು ಅವಳಿಗೆ ಕೇಳಿಸಿದೆ, ಅದಕ್ಕೇ ಅಳತೆಯ ಮಾತು ಬಂದದ್ದು. ಅಪ್ಪಯ್ಯ ತುತ್ತ, ಸುಣ್ಣ ಎರಡನ್ನೂ ಸಮಸಮ ಹಾಕುತ್ತಿದ್ದರು ಎಂದು ಅವಳು ಯಾಕೆ ನೆನಪಿಸಿದಳು ಎಂದು ಬಿಡಿಸಿ ಹೇಳಲು ನನಗೆ ಕೈ ತುರಿಸಿತು. ಒಂದು ಸಾಲು ಬರೆದೂ ಇದ್ದೆ. ಅಳಿಸಿದೆ. ರಾಘುವಿಗೆ ಅರ್ಥವಾಗಿದೆ, ಓದುವವರಿಗೂ ಆಗುತ್ತದೆ.

ಆಡುಮಾತನ್ನು ಎಷ್ಟು ಬರೆಯಬೇಕು ಎಂದು ಕೇಳುವವರಿದ್ದಾರೆ. ಕಿವಿಗೆ ಬಿದ್ದದ್ದನ್ನೆಲ್ಲ ಹಾಗೆಯೇ ಇಳಿಸಿದರೆ ಬೇರೆ ಜಿಲ್ಲೆಯವರು ಎಡವುತ್ತಾರೆ. ನಾನು ಕ್ರಿಯಾಪದದ ಕೊನೆ, ಸಂಬಂಧದ ಪದ, ಕಸುಬಿನ ಪದ ಇಷ್ಟನ್ನು ನಮ್ಮ ಕಡೆಯದ್ದೇ ಇಡುತ್ತೇನೆ, ಉಳಿದದ್ದನ್ನು ಸಲೀಸು ಮಾಡುತ್ತೇನೆ.

ಕಥೆಯ ಕೊನೆ ನೋಂದಣಿ ಕಚೇರಿಯಲ್ಲಿ. 1908ರ ನೋಂದಣಿ ಕಾಯ್ದೆ ಪ್ರಕಾರ ಬರೆದುಕೊಟ್ಟವರು ಅಧಿಕಾರಿಯ ಎದುರು, ಇದು ನಾನು ಬರೆದುಕೊಟ್ಟದ್ದೇ ಎಂದು ಒಪ್ಪಿಕೊಳ್ಳಬೇಕು. ಈಗ ಕಾವೇರಿ-2 ತಂತ್ರಾಂಶ ಬಂದು ವಿವರಗಳೆಲ್ಲ ಮೊದಲೇ ಆನ್‌ಲೈನಿನಲ್ಲಿ ತುಂಬಿರುತ್ತವೆ. ಹಾಗಾಗಿ ಒಳಗಿನ ಕೆಲಸ ಬೇಗ ಮುಗಿಯುತ್ತದೆ. ಫೋಟೊ, ಹೆಬ್ಬೆರಳು, ಒಂದೆರಡು ಪ್ರಶ್ನೆ. "ಸಹಿ ನಿಮ್ಮದೇನಾ?" "ಹೌದು." ಇಡೀ ಕಥೆಯಲ್ಲಿ ಸುಮಿತ್ರ ನೇರ ಪ್ರಶ್ನೆಗೆ ನೇರ ಉತ್ತರ ಕೊಡುವುದು ಇದೊಂದೇ ಕಡೆ. ಕೇಳುವವರು ಹೊರಗಿನವರು, ಅವರಿಗೆ ಅವಳಿಂದ ಬೇರೇನೂ ಬೇಡ. ಅದಕ್ಕೇ ಅವಳಿಗೆ ಉತ್ತರ ಕೊಡಲು ಸುಲಭವಾಯಿತು. ಪಕ್ಕದಲ್ಲಿ ನಿಂತ ತಮ್ಮ ಆ "ಹೌದು" ಕೇಳಿಸಿಕೊಂಡ. ಅವನಿಗೆ ಬೇಕಾಗಿದ್ದ ಮಾತು ಅದಾಗಿರಲಿಲ್ಲ.

ಆಮೇಲೆ ಬಸ್ ನಿಲ್ದಾಣ. ಇಲ್ಲಿ ನಾನು ಒಂದು ತಿಂಗಳು ಸಿಕ್ಕಿಬಿದ್ದೆ. ಸುಮಿತ್ರ ತವರಿಂದ ಹೊರಡುತ್ತಿದ್ದಾಳೆ. ನಮ್ಮಲ್ಲಿ ಹೊರಡುವವರು "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು. "ಬರ್ತೀನಿ" ಅನ್ನಿಸಿದರೆ ಎಲ್ಲ ಸರಿಹೋದ ಹಾಗಾಗುತ್ತದೆ, ರಾಘುವಿಗೆ ಬೇಕಾದದ್ದು ಪುಕ್ಕಟೆ ಸಿಕ್ಕಿದ ಹಾಗೆ. "ಹೋಗ್ತೀನಿ" ಅನ್ನಿಸಿದರೆ ಅಷ್ಟು ಹೊತ್ತು ಕಾಪಾಡಿದ ಬೇಲಿಯನ್ನು ಕೊನೆಯಲ್ಲಿ ನಾನೇ ಮುರಿದ ಹಾಗೆ. ಎರಡನ್ನೂ ಬರೆದೆ, ಎರಡನ್ನೂ ಹೊಡೆದೆ. "ಬರ್ತೀನಿ" ಅಂತ ಬರೆದ ರಾತ್ರಿ ನಿದ್ದೆಯೇ ಬರಲಿಲ್ಲ.

ಈಗ ಹೀಗಿದೆ. ಚೀಲ ಅವನ ಕೈಯಲ್ಲಿದೆ. ಅದರೊಳಗೆ ಬಾಗಿನದ ಮೊರ, ಸೀರೆ, ವೀಣಾ ಕಟ್ಟಿಕೊಟ್ಟ ಚಕ್ಕುಲಿ. ಅಕ್ಕ ಏನೋ ಹೇಳುತ್ತಾಳೆ ಎಂದು ಅವನು ಚೀಲ ಕೊಡದೆ ನಿಂತಿದ್ದಾನೆ. ಅವಳು ಕೈ ಚಾಚಿದಳು. ಅವನ ಉಗುರಿನ ಸಂದಿಯ ನೀಲಿ ಅವಳಿಗೆ ಕಾಣಿಸಿತು.

"ಬಸ್ ಬಂತು ಕಣೋ."